ಆರು ತಂತಿಗೆ ಮೂರು ಕುದುರೆ ಸಾಲದೇ?

ಪ್ರಶ್ನೆ: ನನ್ನ ಹತ್ತಿರ ಟೆಲಿಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಇದೆ. ಬ್ರಿಡ್ಜ್ (ಕುದುರೆ) ಹಳೇ ನಮೂನೆಯದು. ಹಿತ್ತಾಳೆಯ ಮೂರು ಸ್ಯಾಡಲ್, ಒಂದೊಂದರ ಮೇಲೆ ಎರಡೆರಡು ತಂತಿ. ಓಪನ್ ಕಾರ್ಡ್ ಚೆನ್ನಾಗಿ ಕೇಳುತ್ತದೆ, ಏಳನೇ ಫ್ರೆಟ್ (ಮೆಟ್ಟಿಲು) ದಾಟಿದರೆ ಮೂರನೇ ತಂತಿ ಅಪಸ್ವರ. ಅಂಗಡಿಯವರು ‘ಇದು 70 ವರ್ಷ ಹಿಂದಿನ ಡಿಸೈನ್, ಆರು ಸ್ಯಾಡಲ್‌ನ ಹೊಸ ಬ್ರಿಡ್ಜ್ ಹಾಕಿಸಿ’ ಅನ್ನುತ್ತಾರೆ. ಬ್ಯಾಂಡಿನ ಗೆಳೆಯ ‘ಅದನ್ನು ತೆಗೆದರೆ ಟೆಲಿಯ ಸೌಂಡೇ ಹೋಗುತ್ತೆ’ ಅನ್ನುತ್ತಾನೆ. ಹೊಸ ಬ್ರಿಡ್ಜ್‌ಗಳು ನಿಜಕ್ಕೂ ಹಳೆಯವಕ್ಕಿಂತ ಉತ್ತಮವೇ? (ಮಂಗಳೂರಿನ ಓದುಗರು)

ಉತ್ತರ: ದುಡ್ಡು ಬಿಚ್ಚುವ ಮುಂಚೆ ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಹೊಸ ತಂತಿ ಹಾಕಿ, ನಾಲ್ಕಾರು ಸಲ ಎಳೆದು ಹದಕ್ಕೆ ತಂದು ಶ್ರುತಿ ಮಾಡಿಕೊಳ್ಳಿ. ಮೂರನೇ ತಂತಿಗೆ ಹನ್ನೆರಡನೇ ಫ್ರೆಟ್‌ನ ನೇರಕ್ಕೆ ಬೆರಳು ಸೋಕಿಸಿ ಮೀಟಿದರೆ ಗಂಟೆಯಂಥ ಹಾರ್ಮೋನಿಕ್ ಬರುತ್ತದೆ. ಈಗ ಅದೇ ಫ್ರೆಟ್ ಒತ್ತಿ ಮೀಟಿ. ಟ್ಯೂನರ್‌ನ ಮುಳ್ಳು ಎರಡು ಸಲವೂ ಒಂದೇ ಕಡೆ ನಿಂತರೆ ಸ್ಯಾಡಲ್ ಸರಿಯಾದ ಜಾಗದಲ್ಲಿದೆ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಹೋಗಬೇಕು, ಇಳಿದಿದ್ದರೆ ನಟ್ ಕಡೆಗೆ, ಅಂದರೆ ಗಿಟಾರಿನ ತಲೆಯ ಬುಡದಲ್ಲಿ ತಂತಿ ಕೂರುವ ಗೀರುಪಟ್ಟಿಯ ಕಡೆಗೆ ಬರಬೇಕು. ನಾಲ್ಕನೇ ತಂತಿಗೂ ಇದೇ ಪರೀಕ್ಷೆ ಮಾಡಿ, ಏಕೆಂದರೆ ನಿಮ್ಮ ಗಿಟಾರಿನಲ್ಲಿ ಇವೆರಡೂ ಒಂದೇ ಸ್ಯಾಡಲ್‌ನ ಪಾಲುದಾರರು. ಹಳೇ ತಂತಿಯಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಬೆವರು, ಕೊಳೆ ಕೂತು, ಫ್ರೆಟ್ ತಾಗುವ ಕಡೆಯಲ್ಲಿ ಸವೆದ ತಂತಿ ಯಾವ ಬ್ರಿಡ್ಜ್ ಮೇಲೂ ನೆಟ್ಟಗೆ ನುಡಿಯುವುದಿಲ್ಲ.

ಮೊದಲ ಎರಡು ಫ್ರೆಟ್‌ಗಳಲ್ಲೂ ಸ್ವರ ಏರುತ್ತಿದ್ದರೆ ಕಳ್ಳ ಇನ್ನೊಂದು ತುದಿಯಲ್ಲಿದ್ದಾನೆ ಎಂದರ್ಥ. ನಟ್‌ನ ಗೀರು ಆಳ ಸಾಲದೆ, ತಂತಿಯನ್ನು ಫ್ರೆಟ್‌ಗೆ ತಾಗಿಸಲು ಬೆರಳು ಅದನ್ನು ಜಾಸ್ತಿ ಬಗ್ಗಿಸಬೇಕಾಗಿರುತ್ತದೆ. ಅದಕ್ಕೆ ಬೇಕಾದ್ದು ಸಣ್ಣದೊಂದು ಅರ. ‘ಬ್ರಿಡ್ಜ್ ಕೆಟ್ಟಿದೆ’ ಎಂದು ನನ್ನ ಬೆಂಚಿಗೆ ಬರುವ ಗಿಟಾರ್‌ಗಳಲ್ಲಿ ಬಹಳಷ್ಟು ಈ ಅರದ ಕೆಲಸ ಮುಗಿಸಿಕೊಂಡು ಹಳೇ ಬ್ರಿಡ್ಜ್‌ನೊಂದಿಗೇ ಮನೆಗೆ ಹೋಗುತ್ತವೆ. ಆದರೆ ನೀವು ಬರೆದ ಲಕ್ಷಣ ನಟ್‌ನದಲ್ಲ. ಓಪನ್ ಕಾರ್ಡ್ ಸರಿಯಿದ್ದು, ಮೇಲಕ್ಕೆ ಹೋದಷ್ಟೂ ಮೂರನೇ ತಂತಿ ಕೆಡುತ್ತದೆಂದರೆ ಅದು ಸ್ಯಾಡಲ್‌ನ ಕಡೆಗೇ ಬೆರಳು ತೋರಿಸುತ್ತದೆ. ಅದಕ್ಕೊಂದು ಕಥೆಯೂ ಇದೆ.

ವೀಣೆ, ಪಿಟೀಲಿನಲ್ಲಿ ನಾವು ಕುದುರೆ ಅನ್ನುತ್ತೇವಲ್ಲ, ಗಿಟಾರಿನ ಬ್ರಿಡ್ಜ್ ಅದೇ. ಮಿಡಿಯುವ ತಂತಿ ಎಲ್ಲಿಗೆ ಮುಗಿಯಬೇಕು ಎಂದು ಗೆರೆ ಎಳೆಯುವುದು ಅದರ ಮೊದಲ ಕೆಲಸ. ಫೆಂಡರ್ ಗಿಟಾರ್‌ಗಳಲ್ಲಿ ಲೆಕ್ಕದ ಪ್ರಕಾರ ಈ ಉದ್ದ 25.5 ಇಂಚು, ಅಂದರೆ 648 ಮಿ.ಮೀ. ತಂತಿಗೆ ಆ ಲೆಕ್ಕ ಗೊತ್ತಿಲ್ಲ. ಫ್ರೆಟ್ ಒತ್ತಿದೊಡನೆ ಅದು ಒಂಚೂರು ಹಿಗ್ಗಿ, ಬಿಗಿ ಹೆಚ್ಚಿ, ಸ್ವರ ಏರುತ್ತದೆ. ಎಳೆ ದಪ್ಪಗಿದ್ದಷ್ಟೂ ಬಿರುಸು ಹೆಚ್ಚು, ಬಿರುಸು ಹೆಚ್ಚಿದಷ್ಟೂ ಏರಿಕೆ ಹೆಚ್ಚು. ಈ ಏರಿಕೆಯನ್ನು ಸರಿದೂಗಿಸಲು ಸ್ಯಾಡಲನ್ನು ಲೆಕ್ಕದ ಜಾಗಕ್ಕಿಂತ ಕೆಲವು ಮಿಲಿಮೀಟರ್ ಹಿಂದೆ ಇಡಬೇಕು. ಎಷ್ಟು ಹಿಂದೆ ಎನ್ನುವುದು ಒಂದೊಂದು ತಂತಿಗೆ ಒಂದೊಂದು. ವೌಂಡ್ ತಂತಿಯಲ್ಲಿ (ಎಳೆಯ ಮೇಲೆ ಇನ್ನೊಂದು ತಂತಿ ಸುತ್ತಿದ್ದು) ಹೆಚ್ಚಾಗಿ ಲೆಕ್ಕಕ್ಕೆ ಬರುವುದು ಹೊರಗಿನ ಸುತ್ತಲ್ಲ, ಒಳಗಿನ ಎಳೆಯ ದಪ್ಪ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ.

ಲಿಯೋ ಫೆಂಡರ್ ಗಿಟಾರ್ ನುಡಿಸುವವರಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದವರು. 1950ರಲ್ಲಿ ಬ್ರಾಡ್‌ಕಾಸ್ಟರ್ ಎಂಬ ಹೆಸರಲ್ಲಿ ಹೊರಬಂದು, ಇನ್ನೊಂದು ಕಂಪನಿಯ ಡ್ರಮ್‌ಗಳಿಗೆ ಹೆಚ್ಚುಕಡಿಮೆ ಅದೇ ಹೆಸರಿದ್ದ ಕಾರಣ 1951ರಲ್ಲಿ ಟೆಲಿಕಾಸ್ಟರ್ ಆದ ಗಿಟಾರಿನಲ್ಲಿ ಆ ರಿಪೇರಿಯವರ ಬುದ್ಧಿ ಎದ್ದು ಕಾಣುತ್ತದೆ. ಮಡಚಿದ ಉಕ್ಕಿನ ತಗಡು, ಹಿತ್ತಾಳೆ ಸರಳಿನ ಮೂರು ತುಂಡು, ಹಿಂದುಮುಂದು ಸರಿಸಲು ಮೂರು ಸ್ಕ್ರೂ. ಎರಡು ತಂತಿಗೆ ಒಂದು ಸ್ಯಾಡಲ್ ಎಂದರೆ ರಾಜಿಯೇ. ಆದರೆ ಆಗಿನ ತಂತಿಗಳಿಗೆ ಅದು ನುಂಗಿಕೊಳ್ಳಬಹುದಾದ ರಾಜಿ. ಆ ಕಾಲದ ಸೆಟ್‌ಗಳಲ್ಲಿ ಮೂರನೇ ತಂತಿಯೂ ವೌಂಡ್ ಆಗಿರುತ್ತಿತ್ತು. ಅದಕ್ಕೂ ನಾಲ್ಕನೇ ತಂತಿಗೂ ಬೇಕಾದ ಜಾಗಗಳಲ್ಲಿ ಅಂಥ ದೊಡ್ಡ ಜಗಳವಿರಲಿಲ್ಲ.

ಆಮೇಲೆ ಹುಡುಗರು ತಂತಿಯನ್ನು ಎಳೆದೆಳೆದು ಬೆಂಡ್ ಮಾಡತೊಡಗಿದರು. ಅದಕ್ಕೆ ತೆಳು ತಂತಿ ಬೇಕಾಯಿತು. 1960ರ ದಶಕದಲ್ಲಿ ಎರ್ನಿ ಬಾಲ್ ಅವರ ಸ್ಲಿಂಕಿಯಂಥ ಸೆಟ್‌ಗಳು ಬಂದವು, ಮೂರನೇ ತಂತಿ ಸುತ್ತಿಲ್ಲದ ಪ್ಲೇನ್ ತಂತಿಯಾಯಿತು. ಇವತ್ತು ನೀವು ಅಂಗಡಿಯಲ್ಲಿ ‘ಟೆನ್ ಸೆಟ್’ ಎಂದು ಕೇಳಿ ತರುವುದರಲ್ಲಿ ಅದರ ದಪ್ಪ 0.017 ಇಂಚು. ಹೊರನೋಟಕ್ಕೆ ಹಳೇ ವೌಂಡ್ ತಂತಿಗಿಂತ ಸಣ್ಣದೇ. ಆದರೆ ಎಳೆಯ ಲೆಕ್ಕದಲ್ಲಿ ಅದರ ಒಳಗಿದ್ದ ಎಳೆಗಿಂತ ದಪ್ಪ. ಹಾಗಾಗಿ ಅದಕ್ಕೆ ಸ್ಯಾಡಲ್ ಹಿಂದಕ್ಕೆ ಬೇಕು, ನಾಲ್ಕನೆಯದಕ್ಕೆ ಮುಂದಕ್ಕೆ ಬೇಕು. ಒಂದು ನೇರ ಸರಳು ಇಬ್ಬರನ್ನೂ ಹೇಗೆ ಸಮಾಧಾನ ಮಾಡೀತು? ಮೂರು ಸ್ಯಾಡಲ್ ಬ್ರಿಡ್ಜ್ ಕೆಟ್ಟ ಡಿಸೈನ್ ಅಲ್ಲ. ಅದು ಯಾವ ತಂತಿಗೆಂದು ಹುಟ್ಟಿತೋ ಆ ತಂತಿಯನ್ನು ನಾವು ಬಿಟ್ಟುಬಿಟ್ಟೆವು.

ನಿಮ್ಮ ಅಂಗಡಿಯವರ ಮಾತು ಇಷ್ಟರಮಟ್ಟಿಗೆ ಸರಿ: ಆರು ತಂತಿಗೆ ಆರು ಸ್ಯಾಡಲ್ ಇದ್ದರೆ ಶ್ರುತಿ ಖಂಡಿತ ಸುಧಾರಿಸುತ್ತದೆ. ಅದು ಅಳತೆಗೆ ಸಿಗುವ ಸುಧಾರಣೆ, ಟ್ಯೂನರ್ ತೋರಿಸುತ್ತದೆ, ನಂಬಿಕೆಯ ಪ್ರಶ್ನೆ ಇಲ್ಲ. ‘ಹೊಸದು’ ಅನ್ನುವುದು ಮಾತ್ರ ತಮಾಷೆ. ಫೆಂಡರ್‌ನದೇ ಸ್ಟ್ರಾಟೊಕಾಸ್ಟರ್ 1954ರಲ್ಲಿ ಆರು ಸ್ಯಾಡಲ್ ಹೊತ್ತುಕೊಂಡೇ ಬಂತು. ಅಮೆರಿಕನ್ ಸ್ಟ್ಯಾಂಡರ್ಡ್ ಟೆಲಿಕಾಸ್ಟರ್‌ಗೆ ಆರು ಸ್ಯಾಡಲ್ ಬಂದದ್ದು 1988ರಲ್ಲಿ. ಲಿಯೋ ಅವರೇ ತಮ್ಮ ಹಳೇ ಬ್ರಿಡ್ಜ್‌ಗೆ ಅಂಟಿಕೊಂಡು ಕೂರಲಿಲ್ಲ. 1965ರಲ್ಲಿ ಫೆಂಡರ್ ಕಂಪನಿಯನ್ನು ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಗೆ ಮಾರಿದ ಮೇಲೆ, 1980ರ ಹೊತ್ತಿಗೆ ಶುರುವಾದ ಜಿ ಅಂಡ್ ಎಲ್ ಎಂಬ ಗಿಟಾರ್ ಕಂಪನಿಯಲ್ಲಿ ಅವರು ಬ್ರಿಡ್ಜ್‌ಗಳನ್ನು ಹೊಸದಾಗಿ ಕೂತು ಬಿಡಿಸಿದರು. ಸ್ಯಾಡಲ್‌ಗಳನ್ನು ಪಕ್ಕದಿಂದ ಒಂದು ಸ್ಕ್ರೂ ಅಮುಕಿ ಹಿಡಿಯುವ ಸ್ಯಾಡಲ್ ಲಾಕ್ ಅವರದೇ ಕೈಚಳಕ. ಕಟ್ಟಿದವರು ಮುಂದೆ ಹೋದರು. ಕೊಳ್ಳುವವರು ಮಾತ್ರ ಇವತ್ತಿಗೂ 1950ರದ್ದೇ ಬೇಕು ಅನ್ನುತ್ತಾರೆ!

ಇನ್ನು ಗೆಳೆಯರ ಮಾತು. ‘ಟೆಲಿಯ ಸೌಂಡ್ ಬ್ರಿಡ್ಜ್‌ನಲ್ಲಿದೆ’ ಎನ್ನುವುದರಲ್ಲಿ ಸುಳ್ಳಿಲ್ಲ, ಆದರೆ ಅವರು ತಪ್ಪು ಭಾಗಕ್ಕೆ ಕೈ ತೋರಿಸುತ್ತಿದ್ದಾರೆ. ಟೆಲಿಯಲ್ಲಿ ಹಿಂದಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಕಾಂತದ ಸುರುಳಿ) ಮರಕ್ಕೆ ಕೂತಿರುವುದಿಲ್ಲ, ಬ್ರಿಡ್ಜ್‌ನ ತಗಡಿನಿಂದಲೇ ಮೂರು ಸ್ಕ್ರೂಗಳಲ್ಲಿ ನೇತಾಡುತ್ತಿರುತ್ತದೆ. ಆ ತಗಡು ಉಕ್ಕು, ಆಯಸ್ಕಾಂತಕ್ಕೆ ಅಂಟುವ ಲೋಹ. ಪಿಕಪ್‌ನ ಸುತ್ತಲಿನ ಕಾಂತಕ್ಷೇತ್ರದಲ್ಲಿ ಅದೂ ಪಾಲುದಾರ. ತಗಡು ನಡುಗಿದರೆ ಪಿಕಪ್ ಕೂಡ ಅದನ್ನು ಹಿಡಿಯುತ್ತದೆ, ಆಂಪ್ ಜೋರಾಗಿಟ್ಟಾಗ ಕೆಲವು ಟೆಲಿಗಳು ಕೀಚಲು ದನಿಯಲ್ಲಿ ಕಿರುಚುವುದು ಇದರಿಂದಲೇ. ಈ ತಗಡನ್ನು ತೆಗೆದು ದಪ್ಪ ಹಿತ್ತಾಳೆಯದೋ ಅಲ್ಯೂಮಿನಿಯಂನದೋ ಹಾಕಿದರೆ ದನಿ ಬದಲಾಗಲು ಕಾರಣವಿದೆ. ಉಕ್ಕಿನ ತಗಡನ್ನು ಹಾಗೇ ಬಿಟ್ಟು ಮೇಲಿನ ಸ್ಯಾಡಲ್ ಮಾತ್ರ ಬದಲಿಸಿದರೆ? ನನ್ನ ಕಿವಿಗೆ ತಂತಿ ಮೀಟಿದ ಮೊದಲ ಕ್ಷಣದಲ್ಲಿ ಒಂಚೂರು ವ್ಯತ್ಯಾಸ ಕೇಳುತ್ತದೆ. ಡ್ರಮ್ಮರ್ ಶುರು ಮಾಡಿದ ಮೇಲೆ ಅದೂ ಇಲ್ಲ. ಸ್ಯಾಡಲ್ ಬದಲಿಸುವಾಗ ಎಲ್ಲರೂ ತಂತಿಯನ್ನೂ ಬದಲಿಸುತ್ತಾರೆ ಎನ್ನುವುದನ್ನು ಮರೆಯಬೇಡಿ. ‘ಹೊಸ ಸ್ಯಾಡಲ್ ಹಾಕಿದೆ, ಗಿಟಾರಿಗೆ ಜೀವ ಬಂತು’ ಅನ್ನುವವರಲ್ಲಿ ಅರ್ಧಕ್ಕರ್ಧ ಮಂದಿ ಹೊಸ ತಂತಿಯನ್ನು ಹೊಗಳುತ್ತಿರುತ್ತಾರೆ.

ಬ್ರಿಡ್ಜ್ ಮಾರುವವರ ಡಬ್ಬಿಗಳ ಮೇಲೆ ಒಂದು ಮಾತು ಸಾಮಾನ್ಯ: ‘ತಂತಿಯ ಕಂಪನವನ್ನು ಮರಕ್ಕೆ ಹೆಚ್ಚು ದಾಟಿಸುತ್ತದೆ, ಹಾಗಾಗಿ ಸಸ್ಟೇನ್ (ಸ್ವರ ಉಳಿಯುವ ಹೊತ್ತು) ಹೆಚ್ಚು.’ ಇದು ತನಗೆ ತಾನೇ ಉಲ್ಟಾ ಹೊಡೆಯುವ ವಾಕ್ಯ. ತಂತಿಯಲ್ಲಿರುವ ಶಕ್ತಿ ನೀವು ಮೀಟಿ ಕೊಟ್ಟಷ್ಟೇ. ಅದು ಮರಕ್ಕೆ ಬೇಗ ಹರಿದರೆ ತಂತಿ ಬೇಗ ನಿಲ್ಲುತ್ತದೆ. ವೀಣೆಗೆ ಆ ಹರಿವು ಬೇಕೇಬೇಕು, ಕೊಡ ಮಾತಾಡದೆ ಸಭೆಗೆ ಕೇಳುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ ನೋಡುತ್ತಿರುವುದು ತಂತಿಯನ್ನು. ಅಲ್ಲಿ ಒಳ್ಳೇ ಬ್ರಿಡ್ಜ್ ಎಂದರೆ ಕಂಪನವನ್ನು ದಾಟಿಸದೆ ತಂತಿಗೇ ವಾಪಸ್ ತಳ್ಳುವ, ಭಾರವಾದ, ಅಲ್ಲಾಡದ ಬ್ರಿಡ್ಜ್.

ವೀಣೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ತಂಬೂರಿಯ ಕುದುರೆಯ ಮೇಲ್ಮೈ ಅಗಲ, ತಂತಿ ಅದನ್ನು ಸವರಿಕೊಂಡೇ ಝೇಂಕರಿಸಬೇಕು, ಸಾಲದೆಂದು ಅಡಿಯಲ್ಲಿ ನೂಲಿಟ್ಟು ಜೀವಾಳ ಹೊಂದಿಸುತ್ತೇವೆ. ಗಿಟಾರಿನ ಸ್ಯಾಡಲ್‌ನಲ್ಲಿ ಅದೇ ಝೇಂಕಾರ ಕೇಳಿದರೆ ‘ಬಜ್ ಬರ್ತಿದೆ’ ಎಂದು ರಿಪೇರಿಗೆ ತರುತ್ತಾರೆ. 1967ರಲ್ಲಿ ಕೋರಲ್ ಎಲೆಕ್ಟ್ರಿಕ್ ಸಿತಾರ್ ಎಂಬ ಅಮೆರಿಕನ್ ಗಿಟಾರ್ ಬಂತು, ವಿನ್ಸೆಂಟ್ ಬೆಲ್ ರೂಪಿಸಿದ್ದು. ಅದರಲ್ಲಿ ಈ ಬಜ್ಜಿಗೆಂದೇ ಚಪ್ಪಟೆ ಬ್ರಿಡ್ಜ್ ಇಟ್ಟಿದ್ದರು. ಝೇಂಕಾರ ಸಿಕ್ಕಿತು, ಆರು ತಂತಿಯನ್ನೂ ಶ್ರುತಿಯಲ್ಲಿಡುವುದು ದೊಡ್ಡ ತಲೆನೋವಾಯಿತು.

‘ಹಳೇ ಡಿಸೈನ್’ ಎನ್ನುವುದಾದರೂ ಯಾವುದು? ಗಿಬ್ಸನ್ ಲೆಸ್ ಪಾಲ್ 1952ರಲ್ಲಿ ಬಂದಾಗ ತಂತಿಗಳು ಬ್ರಿಡ್ಜ್‌ನ ಸರಳಿನ ಅಡಿಯಿಂದ ಸುತ್ತಿ ಬರುತ್ತಿದ್ದವು, ಬಲಗೈ ಊರಿ ತಂತಿಯನ್ನು ಅದುಮಿ ನುಡಿಸಲು ಜಾಗವೇ ಇರಲಿಲ್ಲ. ಗಿಬ್ಸನ್‌ನ ಟೆಡ್ ಮೆಕಾರ್ಟಿ ಅವರ ಟ್ಯೂನೊಮ್ಯಾಟಿಕ್ 1954ರಲ್ಲಿ ಲೆಸ್ ಪಾಲ್ ಕಸ್ಟಮ್‌ಗೆ, 1955ರಲ್ಲಿ ಚಿನ್ನದ ಬಣ್ಣದ ಮಾಮೂಲಿ ಲೆಸ್ ಪಾಲ್‌ಗೆ ಬಂತು. ಇವತ್ತು ‘ಸಂಪ್ರದಾಯ’ ಎನಿಸಿಕೊಂಡದ್ದು ಅಂದಿನ ರೀಡಿಸೈನ್. ಅದು ಸುಧಾರಣೆಯೇ ಎಂದು ಕೇಳುವವರು ಯಾರೂ ಇಲ್ಲ. ಅದಕ್ಕೂ ಪ್ಲೇನ್ ತಂತಿಯ ಕಾಟ ತಪ್ಪಲಿಲ್ಲ. ಎಬಿಆರ್-1 ಎಂಬ ಆ ಮೊದಲ ಟ್ಯೂನೊಮ್ಯಾಟಿಕ್ ಕಿರಿದು, ಸ್ಯಾಡಲ್ ಹಿಂದಕ್ಕೆ ಸರಿಯಲು ಜಾಗ ಸಾಲದು. 1970ರ ದಶಕದಲ್ಲಿ ನ್ಯಾಶ್‌ವಿಲ್ ಎಂದು ಕರೆಯುವ ಅಗಲ ಬ್ರಿಡ್ಜ್ ಬಂದು ಅದನ್ನು ಸರಿಮಾಡಿತು.

ರೀಡಿಸೈನ್ ನಿಜವಾಗಿ ಗೆದ್ದದ್ದನ್ನು ನೋಡಬೇಕೆಂದರೆ ಜಾಜ್‌ಮಾಸ್ಟರ್ ನೋಡಿ. 1958ರಲ್ಲಿ ಫೆಂಡರ್ ಅದನ್ನು ಮಾಡಿದ್ದು ಜಾಜ್ ವಾದಕರಿಗೆಂದು. ಅವರು ಹಾಕುತ್ತಿದ್ದದ್ದು ದಪ್ಪ ಫ್ಲಾಟ್‌ವೌಂಡ್ ತಂತಿ, ಬ್ರಿಡ್ಜನ್ನು ಗಟ್ಟಿಯಾಗಿ ಅದುಮಿ ಹಿಡಿಯುವಂಥದ್ದು. ಬ್ರಿಡ್ಜ್ ಎರಡು ಮೊನೆಗಳ ಮೇಲೆ ನಿಂತು, ಸ್ವರ ಏರಿಳಿಸುವ ಟ್ರೆಮೊಲೊ ಬಾರ್ ಒತ್ತಿದಾಗ ತಂತಿಯ ಜತೆಗೇ ತೂಗುತ್ತದೆ, ಬಹಳ ಚಂದದ ಯೋಚನೆ. ಆದರೆ ಜಾಜ್‌ನವರು ಅದನ್ನು ಅಷ್ಟಾಗಿ ಕೊಳ್ಳಲಿಲ್ಲ. ಮುಂದೆ ಸೆಕೆಂಡ್ ಹ್ಯಾಂಡ್ ಅಗ್ಗವಾಗಿ ಸಿಗುತ್ತಿದೆ ಎಂದು ಕೊಂಡ ರಾಕ್ ಹುಡುಗರು ತೆಳು ತಂತಿ ಹಾಕಿ ಬಲವಾಗಿ ಬಾರಿಸಿದರು. ಅದುಮುವ ಭಾರ ಹೋಯಿತು, ತಂತಿ ಗೀರಿನಿಂದ ಪಕ್ಕಕ್ಕೆ ಜಿಗಿಯಿತು, ಸ್ಯಾಡಲ್‌ನ ಪುಟ್ಟ ಸ್ಕ್ರೂಗಳು ಕಂಪನಕ್ಕೆ ತಾವೇ ಬಿಚ್ಚಿಕೊಂಡು ಕೆಳಗಿಳಿದವು. ಒಂದು ಹಾಡು ಮುಗಿಯುವಷ್ಟರಲ್ಲಿ ತಂತಿಯ ಎತ್ತರ ಬದಲಾದ ಗಿಟಾರನ್ನು ನಾನೇ ಕೈಯಲ್ಲಿ ಹಿಡಿದಿದ್ದೇನೆ. ಇದಕ್ಕೆಂದು ಬಂದ ಮಾಸ್ಟರಿ ಬ್ರಿಡ್ಜ್ ಏನು ಮಾಡಿತು ಗೊತ್ತೇ? ಸ್ಯಾಡಲ್ ಹೆಚ್ಚಿಸಲಿಲ್ಲ, ಆರಿದ್ದದ್ದನ್ನು ಎರಡಕ್ಕೆ ಇಳಿಸಿತು. ಮೂರು ಮೂರು ತಂತಿಗೆ ಒಂದು ದಪ್ಪ ಸ್ಯಾಡಲ್, ಅಲ್ಲಾಡುವ ತುಂಡುಗಳೇ ಕಡಿಮೆ. ಶ್ರುತಿಯಲ್ಲಿ ಕೂದಲೆಳೆಯಷ್ಟು ರಾಜಿ ಮಾಡಿಕೊಂಡು, ಇಡೀ ಗಿಟಾರನ್ನು ನುಡಿಸುವಂತೆ ಮಾಡಿತು. ತುಂಡು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಟ್ರೆಮೊಲೊ ಇರುವ ಬ್ರಿಡ್ಜ್‌ಗಳ ಕಥೆ ಬೇರೆ. ಅಂದಹಾಗೆ ಆ ಹೆಸರೇ ತಪ್ಪು. ಸ್ವರ ಏರಿಳಿದರೆ ಅದು ವೈಬ್ರಾಟೊ, ದನಿಯ ಜೋರು ಏರಿಳಿದರೆ ಟ್ರೆಮೊಲೊ. ಲಿಯೋ ಇಟ್ಟ ಹೆಸರು ನಿಂತುಬಿಟ್ಟಿದೆ. ಸ್ಟ್ರಾಟೊಕಾಸ್ಟರ್‌ನ ಬಾರ್ ಒತ್ತಿಬಿಟ್ಟರೆ ಶ್ರುತಿ ವಾಪಸ್ ಅದೇ ಜಾಗಕ್ಕೆ ಬರುವುದಿಲ್ಲ ಎಂಬ ದೂರಿಗೆ ಮೂಲ ಘರ್ಷಣೆ. ತಂತಿ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಶ್ರುತಿ ಮಾಡುವ ಕೀಯ ಕಂಬಕ್ಕೆ ಸುತ್ತಿದ ತಂತಿ ಸಡಿಲವಾಗಿ ಮತ್ತೆ ಬಿಗಿಯುತ್ತದೆ. ಫ್ಲಾಯ್ಡ್ ರೋಸ್ ಇದನ್ನು ಬುಡದಿಂದಲೇ ಕಿತ್ತರು. ಅವರಿಗೆ ಪೇಟೆಂಟ್ ಸಿಕ್ಕಿದ್ದು 1979ರಲ್ಲಿ. ತಂತಿಯನ್ನು ನಟ್‌ನಲ್ಲೂ ಸ್ಯಾಡಲ್‌ನಲ್ಲೂ ಕಚ್ಚಿ ಹಿಡಿದುಬಿಟ್ಟರೆ ಜಾರಲು ಜಾಗವೆಲ್ಲಿ? ಆದರೆ ನಟ್ ಬಿಗಿದ ಮೇಲೆ ಮೇಲಿನ ಕೀ ತಿರುಗಿಸಿ ಪ್ರಯೋಜನವಿಲ್ಲ. ಶ್ರುತಿ ಮಾಡಲು ಅಲೆನ್ ಕೀ ಹಿಡಿದು ಬಿಚ್ಚಬೇಕಿತ್ತು. 1980ರ ದಶಕದ ಆರಂಭದಲ್ಲಿ ಬ್ರಿಡ್ಜ್ ಮೇಲೆಯೇ ಫೈನ್ ಟ್ಯೂನರ್ ಬಂದ ನಂತರ ಅದು ಪೂರ್ತಿಯಾಯಿತು. ಬಾರ್ ಹಿಡಿದು ಕುಣಿಸುವವರಿಗೆ ಇದಕ್ಕಿಂತ ಸ್ಪಷ್ಟವಾದ ಸುಧಾರಣೆ ಗಿಟಾರಿನ ಚರಿತ್ರೆಯಲ್ಲೇ ವಿರಳ. ಬೆಲೆ ತೆರುವುದು ಬೇರೆ ಕಡೆ: ಒಂದು ತಂತಿ ಹರಿದರೆ ಸ್ಪ್ರಿಂಗ್‌ಗಳ ಸಮತೋಲ ತಪ್ಪಿ ಉಳಿದ ಐದೂ ಏರುತ್ತವೆ, ಆರನೇ ತಂತಿಯನ್ನು ಒಂದು ಸ್ವರ ಇಳಿಸಿದರೂ ಅಷ್ಟೇ. ಅಗ್ಗದ ನಕಲುಗಳಲ್ಲಿ ಕಂಬಕ್ಕೆ ಊರುವ ಚಾಕುವಿನಂಥ ಅಂಚು ಮೆತ್ತಗಿನ ಲೋಹದ್ದು, ಸವೆದ ಮೇಲೆ ಯಾವ ಬಿಗಿತವೂ ಶ್ರುತಿ ಉಳಿಸದು. ವರ್ಷಕ್ಕೆರಡು ಸಲ ಬಾರ್ ಮುಟ್ಟುವವರು ಇದಕ್ಕಾಗಿ ಒಳ್ಳೇ ಗಿಟಾರಿನ ಮರ ಕೊರೆಸಲು ತಂದರೆ ನಾನು ಟೀ ಕುಡಿಸಿ ವಾಪಸ್ ಕಳಿಸುತ್ತೇನೆ.

ತೀರ ಈಚಿನ ಎವರ್‌ಟ್ಯೂನ್ ಬಗ್ಗೆಯೂ ಹಲವರು ಕೇಳುತ್ತಾರೆ. ಬ್ಯಾಟರಿ, ಮೋಟಾರ್ ಏನೂ ಇಲ್ಲ. ಪ್ರತಿ ತಂತಿಗೂ ಒಂದು ಸ್ಪ್ರಿಂಗ್, ಒಂದು ಸನ್ನೆ ಇದ್ದು ತಂತಿಯ ಬಿಗಿಯನ್ನು ಸದಾ ಅಷ್ಟಕ್ಕೇ ನಿಲ್ಲಿಸುತ್ತದೆ. ಹವೆ ಬದಲಾದರೂ, ಜೋರಾಗಿ ಹೊಡೆದರೂ ಸ್ವರ ಅಲುಗದು. ಸ್ಟುಡಿಯೊದಲ್ಲಿ ಮೆಟಲ್ ಗಿಟಾರನ್ನು ಪದರದ ಮೇಲೆ ಪದರ ರೆಕಾರ್ಡ್ ಮಾಡುವವರಿಗೆ ವರ. ಆದರೆ ಅಲುಗದು ಎಂದರೆ ನೀವು ಎಳೆದರೂ ಅಲುಗದು! ಕೀಯನ್ನು ಸರಿಯಾಗಿ ಅಂಚಿಗೆ ತಂದು ನಿಲ್ಲಿಸದಿದ್ದರೆ ಬೆಂಡನ್ನು ಬ್ರಿಡ್ಜೇ ನುಂಗಿಹಾಕುತ್ತದೆ. ಗಿಟಾರಿನಲ್ಲಿ ರಾಗ ನುಡಿಸುವವರು ಇದನ್ನು ಹಾಕಿಸುವ ಮುನ್ನ ಒಂದು ಗಮಕ ಎಳೆದು ನೋಡಲಿ. ಶ್ರುತಿಶುದ್ಧವಾಗಿ ಏನೂ ಆಗುವುದಿಲ್ಲ.

ನಿಮ್ಮ ಗಿಟಾರಿಗೆ ವಾಪಸ್ ಬರೋಣ. ಇಡೀ ಬ್ರಿಡ್ಜ್ ಬದಲಿಸಬೇಡಿ. ಉಕ್ಕಿನ ತಗಡು ಹಾಗೇ ಇರಲಿ, ಅದರ ಮೇಲಿನ ಮೂರು ಸ್ಯಾಡಲ್‌ಗಳ ಬದಲು ಕಾಂಪೆನ್ಸೇಟೆಡ್ ಸ್ಯಾಡಲ್ ಹಾಕಿಸಿ. ಇವೂ ಮೂರೇ, ಹಿತ್ತಾಳೆಯವೇ. ಆದರೆ ಸ್ಕ್ರೂ ತೂತನ್ನು ಓರೆಯಾಗಿ ಕೊರೆದಿರುವುದರಿಂದ ಸರಳು ವಾರೆಯಾಗಿ ನಿಂತು, ಎರಡು ತಂತಿಗೂ ಬೇರೆ ಬೇರೆ ಉದ್ದ ಕೊಡುತ್ತದೆ. ಮಧ್ಯದ ಸ್ಯಾಡಲ್‌ನಲ್ಲಿ ಮೂರನೇ ತಂತಿಯ ಬದಿ ಹಿಂದಕ್ಕಿರಬೇಕು, ಉಲ್ಟಾ ಕೂರಿಸಿದರೆ ಮೊದಲಿಗಿಂತ ಕೆಡುತ್ತದೆ. ಇಷ್ಟೂ ಖರ್ಚು ಬೇಡವೆಂದರೆ ಹಳೇ ಕೈಗಾರರ ಉಪಾಯ ಒಂದಿದೆ: ಮಧ್ಯದ ಸ್ಯಾಡಲ್‌ನ ಉದ್ದ ಸ್ಕ್ರೂವನ್ನು ಹೊರಗೆ ತೆಗೆದು ಒಂಚೂರು ಬಗ್ಗಿಸಿ ವಾಪಸ್ ಹಾಕುವುದು. ಸರಳು ತಾನೇ ವಾರೆಯಾಗುತ್ತದೆ. ನೋಡಲು ಚಂದವಿಲ್ಲ, ಕೆಲಸ ಮಾಡುತ್ತದೆ.

ಆರು ಸ್ಯಾಡಲ್‌ನ ಪೂರ್ತಿ ಬ್ರಿಡ್ಜೇ ಬೇಕೆಂದು ಮನಸ್ಸಾದರೆ ಒಂದನೇ ತಂತಿಯಿಂದ ಆರನೆಯದಕ್ಕೆ ಸ್ಯಾಡಲ್ ಮೇಲಿನ ಅಂತರವನ್ನೂ, ತಗಡಿನ ಸ್ಕ್ರೂ ತೂತುಗಳನ್ನೂ, ತಂತಿ ಹಿಂದಿನಿಂದ ಮರದೊಳಗೆ ಬರುವ ತೂತುಗಳನ್ನೂ ಸ್ಕೇಲ್ ಇಟ್ಟು ಅಳೆದು ಬರೆದುಕೊಂಡೇ ಆರ್ಡರ್ ಮಾಡಿ. ಈ ಕೆಲಸ ಶುರು ಮಾಡಿದ ಹೊಸತರಲ್ಲಿ ಕಾಲೇಜು ಹುಡುಗನೊಬ್ಬನ ಸ್ಟ್ರಾಟ್ ಮಾದರಿಯ ಗಿಟಾರಿಗೆ ನಾನು ಅಳೆಯದೆ ‘ಒರಿಜಿನಲ್ ಅಳತೆ’ಯ ಬ್ರಿಡ್ಜ್ ತರಿಸಿದೆ. ತಂತಿಗಳ ಅಂತರ ಅವನದರಲ್ಲಿ 52.5 ಮಿ.ಮೀ., ಬಂದದ್ದರಲ್ಲಿ 56. ಕೂರಿಸಿ, ಶ್ರುತಿ ಮಾಡಿ, ಹೆಮ್ಮೆಯಿಂದ ಕೊಟ್ಟೆ. ಅವನು ಹದಿನೈದನೇ ಫ್ರೆಟ್‌ನಲ್ಲಿ ಒಂದನೇ ತಂತಿಗೆ ಬೆರಳಿಟ್ಟು ಅಲುಗಿಸಿದ, ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ಕೆಳಗೆ ಬಿತ್ತು. ಮುಖದ ಮೇಲೆ ಏನೂ ತೋರಿಸದೆ ‘ಸರ್, ಇದು ಹೀಗೇನಾ?’ ಎಂದ. ಆ ಬ್ರಿಡ್ಜ್ ಇವತ್ತಿಗೂ ನನ್ನ ಡ್ರಾಯರ್‌ನಲ್ಲಿದೆ.

ಮಂಗಳೂರಿನಲ್ಲಿದ್ದೀರಿ ಎಂದು ಇನ್ನೊಂದು ಮಾತು. ಕಡಲ ಗಾಳಿಗೆ ಮೊದಲು ಬಲಿಯಾಗುವುದು ಸ್ಯಾಡಲ್‌ನ ಎತ್ತರದ ಸ್ಕ್ರೂಗಳು. ಹಳೇ ಸ್ಯಾಡಲ್ ಬಿಚ್ಚುವ ಹಿಂದಿನ ರಾತ್ರಿ ಪ್ರತಿ ಸ್ಕ್ರೂಗೆ ಒಂದು ಹನಿ ತೆಳು ಎಣ್ಣೆಯನ್ನು ಸೂಜಿಯ ತುದಿಯಿಂದ ಬಿಡಿ, ಪಿಕಪ್ ಮೇಲೆ ಬಟ್ಟೆ ಮುಚ್ಚಿರಲಿ. ಬೆಳಿಗ್ಗೆ ಸರಿಯಾದ ಅಲೆನ್ ಕೀ ಹಾಕಿ. ಅಮೆರಿಕದ ಸ್ಯಾಡಲ್‌ಗಳಿಗೆ ಸಾಮಾನ್ಯವಾಗಿ 0.05 ಇಂಚಿನದು, ಏಷ್ಯಾದಲ್ಲಿ ತಯಾರಾದ ಹೆಚ್ಚಿನವಕ್ಕೆ 1.5 ಮಿ.ಮೀ. ಸಣ್ಣ ಕೀಯನ್ನು ದೊಡ್ಡ ತೂತಿಗೆ ಹಾಕಿ ತಿರುವಿದರೆ ಸ್ಕ್ರೂವಿನ ಮೂಲೆಗಳು ಸವೆದು ಆಮೇಲೆ ಯಾವ ಕೀಯೂ ಕಚ್ಚುವುದಿಲ್ಲ. ಬಿಚ್ಚಿದ ಹಿತ್ತಾಳೆ ಸ್ಯಾಡಲ್‌ಗಳನ್ನು ಒರೆಸಿ, ಸ್ಕ್ರೂ ಸಮೇತ ಒಂದು ಡಬ್ಬಿಗೆ ಹಾಕಿ ಗಿಟಾರಿನ ಕೇಸಿನಲ್ಲೇ ಇಡಿ. ಮುಂದೆ ಮಾರಲು ಹೊರಟಾಗ ಕೊಳ್ಳುವವನು ಮೊದಲು ಕೇಳುವುದು ಅದನ್ನೇ.